ವರ ನೋಡಿದ ಹಾಗೆ ಊರು ನೋಡಿದ್ದು

ಚಿಕ್ಕೋಡಿ
9 ಜೂನ್ 2024

ಅತ್ತೆಯವರಿಗೆ ಕೋಮಲಳ ನಮಸ್ಕಾರ.

ಈ ಮನೆಗೆ ಬಂದು ಇವತ್ತಿಗೆ ಹದಿನೈದು ದಿನವಾಯಿತು. ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚೇಕೆ ಎಂದು ನೀವು ಮೊದಲು ಕೇಳುತ್ತೀರಿ. ಫೋನಿನಲ್ಲಿ ನಿಮಗೆ ಅರ್ಧ ಕೇಳುವುದಿಲ್ಲ, ಇನ್ನರ್ಧ ಕೇಳಿದರೂ ಕೇಳಲಿಲ್ಲ ಅನ್ನುತ್ತೀರಿ. ಅಂಗನವಾಡಿಯಲ್ಲಿ ಮೂವತ್ತು ವರ್ಷ ರಜಿಸ್ಟರ್ ಬರೆದವರು ನೀವು, ಬರೆದದ್ದನ್ನು ಮಾತ್ರ ನಂಬುವವರು. ಹೇಗೂ ನಿಮ್ಮ ಮಗ ದಿನಾ ಮುಂಜಾನೆ ಇಲ್ಲಿಂದ ಮೋಟರ್‌ಸೈಕಲ್ ಹತ್ತಿ ಜುಗೂಳದ ಕಬ್ಬಿನ ಹೊಲಕ್ಕೆ ಬರುತ್ತಾರೆ, ಸಂಜೆ ಮರಳುತ್ತಾರೆ. ಅವರ ಬುತ್ತಿ ಚೀಲದಲ್ಲಿ ಕಾಗದ ಹೋಗಲಿ, ಬರಲಿ.

ನಾವು ಆಡಿದ ಮಾತನ್ನು ಒಮ್ಮೆ ಬರೆದಿಡುತ್ತೇನೆ, ಆಮೇಲೆ ಯಾರೂ ತಿರುಚಬಾರದು. ನನ್ನ ಶಾಲೆ ನಿಪ್ಪಾಣಿಯಲ್ಲಿ, ನಿಮ್ಮ ಮಗನ ಹೊಲ ಹೊಳೆಯಾಚೆ ಜುಗೂಳದಲ್ಲಿ, ಚಿಕ್ಕೋಡಿ ಎರಡರ ನಡುವೆ. ದಸರೆಯ ತನಕ ಇಲ್ಲಿ ಬಾಡಿಗೆಗೆ ಇದ್ದು ನೋಡುವುದು. ಮನೆಯ ಮಾಲೀಕರಾದ ಮಾಳಸಿದ್ದ ಅವರು ಇದನ್ನು ಮಾರುವವರಿದ್ದಾರೆ, ದಸರೆಗೆ ಹೂಂ ಅಥವಾ ಉಹೂಂ ಹೇಳಬೇಕು. ಕೊನೆಯ ಮಾತು ನಿಮ್ಮದು. ನೀವು ಉಹೂಂ ಅಂದರೆ ನಾನು ನೌಕರಿ ಬಿಟ್ಟು ಜುಗೂಳಕ್ಕೆ ಬರಬೇಕು, ಯಾಕೆಂದರೆ ಮಳೆಗಾಲದಲ್ಲಿ ಅಲ್ಲಿಂದ ಹೊಳೆ ದಾಟಿ ದಿನಾ ನಿಪ್ಪಾಣಿಗೆ ಹೋಗಿಬರುವುದು ಆಗದ ಮಾತು. ಆರು ವರ್ಷ ಪರೀಕ್ಷೆ ಬರೆದು ಸಂಪಾದಿಸಿದ ನೌಕರಿ ಇದು, ಅತ್ತೆ. ನೀವು ಹೂಂ ಅಂದೇ ಅನ್ನುತ್ತೀರಿ, ನನಗೆ ಗೊತ್ತು.

ಊರು ಸಾವಕಾಶದ್ದು. ಕೋರ್ಟಿನ ಮುಂದೆ ಗದ್ದಲ, ಪೇಟೆಯಲ್ಲಿ ಗದ್ದಲ, ನಮ್ಮ ಕಾಲನಿಯಲ್ಲಿ ಮಾತ್ರ ಏನೂ ಇಲ್ಲ. ಹನ್ನೆರಡು ಮನೆ. ಏಳು ಗಂಟೆಯೊಳಗೆ ಎಲ್ಲರೂ ಬಸ್ ಹಿಡಿದು ನಿಪ್ಪಾಣಿ, ಬೆಳಗಾವಿ, ಕೊಲ್ಲಾಪುರ ಎಂದು ಹೋಗಿಬಿಡುತ್ತಾರೆ. ಆಮೇಲೆ ಸಂಜೆಯವರೆಗೆ ಗುಬ್ಬಿಗಳದ್ದೇ ಕಾರುಬಾರು.

ನಿಮ್ಮ
ಕೋಮಲ


ಜುಗೂಳ
16 ಜೂನ್ 2024

ಕೋಮಲಳಿಗೆ ಗಿರಿಜವ್ವ ಬರೆಯುವುದು.

ಕಾಗದ ಮುಟ್ಟಿತು. ಅಕ್ಷರ ಚೆನ್ನಾಗಿದೆ, ಸೊಕ್ಕೂ ಚೆನ್ನಾಗಿದೆ.

ನಾನು ಹೂಂ ಅಂದೇ ಅನ್ನುತ್ತೇನೆ ಎಂದು ಬರೆದಿದ್ದೀ. ಅದನ್ನು ಹೊಡೆದು ಹಾಕು. ವರ ನೋಡಿದ ಹಾಗೆಯೇ ನಾನು ಊರು ನೋಡುವವಳು. ಈ ಸುತ್ತಿನ ಹದಿನೇಳು ಹುಡುಗಿಯರ ಮದುವೆಗೆ ಮುಂಚೆ ಚೌಕಶಿಗೆ ಹೋಗಿ ಗುಟ್ಟಾಗಿ ವಿಚಾರಿಸಿಕೊಂಡು ಬಂದವಳು ನಾನೇ. ವರನ ಮನೆಯಲ್ಲಿ ಕುಳಿತು ಚಹಾ ಕುಡಿದರೆ ಏನೂ ತಿಳಿಯುವುದಿಲ್ಲ. ಹೇಳದೆ ಕೇಳದೆ ಹೋಗಿ ಅಕ್ಕಪಕ್ಕದ ಬಾಗಿಲು ಬಡಿಯಬೇಕು, ಕುಡಿಯಲು ನೀರು ಕೇಳಬೇಕು, ಹಾಗೆಯೇ ಮಾತಿಗೆ ಎಳೆಯಬೇಕು. ಹುಡುಗ ಒಳ್ಳೆಯವನಾದರೆ ನೆರೆಯವರು ತಾವಾಗಿ ಹೊಗಳುತ್ತಾರೆ. ಏನಾದರೂ ಹುಳುಕಿದ್ದರೆ, "ನಮಗೇನ ಗೊತ್ತಿಲ್ಲರಿ" ಅಂದು ಒಳಗೆ ಹೋಗುತ್ತಾರೆ. ಗೊತ್ತಿಲ್ಲ ಎನ್ನುವ ನೆರೆ ಸಿಕ್ಕ ಕಡೆ ನಾನು ಹೆಣ್ಣು ಕೊಡಿಸಿಲ್ಲ. ಎರಡು ಸಂಬಂಧ ಹಾಗೆ ಬಿಡಿಸಿದೆ, ಎರಡೂ ಮನೆಯವರು ಇವತ್ತಿಗೂ ನನಗೆ ಕೈ ಮುಗಿಯುತ್ತಾರೆ.

ಒಂದೇ ಪ್ರಶ್ನೆ ಕೇಳುತ್ತೇನೆ. ನೀನು ಬಚ್ಚಲಲ್ಲಿ ಜಾರಿ ಬಿದ್ದು ಕೂಗಿದರೆ ಎಷ್ಟು ಬಾಗಿಲು ತೆರೆಯುತ್ತವೆ? ಮೊನ್ನೆ ನಿನ್ನ ನೆಗೆಣ್ಣಿ ಭಾಗ್ಯಾ ಹಿತ್ತಲಲ್ಲಿ ಹಾವೆಂದು ಚೀರಿದಳು. ಹನ್ನೊಂದು ಮಂದಿ ಬಡಿಗೆ ಹಿಡಿದು ಓಡಿ ಬಂದರು. ಹಾವಲ್ಲ, ನೀರಿನ ಪೈಪು. ಆದರೂ ಹನ್ನೊಂದು ಮಂದಿ ಬಂದರು.

ಗಿರಿಜವ್ವ


ಚಿಕ್ಕೋಡಿ
14 ಜುಲೈ 2024

ಅತ್ತೆಯವರಿಗೆ ನಮಸ್ಕಾರ.

ಪೈಪಿನ ಕಥೆಯನ್ನು ಬಸ್ಸಿನಲ್ಲಿ ಹೇಳಿದೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಬಸ್ಸು ಮುಂಜಾನೆ ಆರೂ ಐವತ್ತರದ್ದು, ನಿಪ್ಪಾಣಿಗೆ ಮುಕ್ಕಾಲು ತಾಸು. ದಿನಾ ಅವೇ ಮುಖಗಳು. ಮೊದಲು ಹತ್ತಿದವರು ಉಳಿದವರಿಗೆ ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿಯುತ್ತಾರೆ. ನನ್ನದು ಎಡಗಡೆ ಮೂರನೆಯ ಸಾಲು, ಕಿಟಕಿ ಪಕ್ಕ. ಪಕ್ಕದ ಸೀಟು ಮಲಕವ್ವ ಅವರದು, ನಿಪ್ಪಾಣಿಯ ದವಾಖಾನೆಯಲ್ಲಿ ನರ್ಸ್. ಕಂಡಕ್ಟರ್ ಗುರಪ್ಪ ಅವರು ಹಾಜರಿ ಹಾಕುವವರ ಹಾಗೆ ಒಬ್ಬೊಬ್ಬರ ಮುಖ ನೋಡಿಯೇ ರೈಟ್ ಅನ್ನುತ್ತಾರೆ.

ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಅವಸರ ಮಾಡಬೇಡಿ.

ಇನ್ನೊಂದು ಸುದ್ದಿ ಇದೆ. ಖುಷಿಯದ್ದು. ಕಾಗದದಲ್ಲಿ ಬರೆಯುವಂಥದ್ದಲ್ಲ, ಶ್ರಾವಣ ಹಿಡಿದ ಮೇಲೆ ನಾನೇ ಬಂದು ಹೇಳುತ್ತೇನೆ. ನಿಮ್ಮ ಮಗನನ್ನು ಕೇಳಿ ಪ್ರಯೋಜನವಿಲ್ಲ, ಅವರ ಬಾಯಿಗೆ ಬೀಗ ಹಾಕಿದ್ದೇನೆ.

ಕೋಮಲ


ಜುಗೂಳ
17 ಜುಲೈ 2024

ಕೋಮಲಳಿಗೆ,

ನಾನೇನು ಕುರುಡಿಯೇ? ಬಡ್ತಿ ಬರುವುದಿದೆ, ಅಷ್ಟೇ ತಾನೆ? ಹೆಡ್ ಮೇಡಂ ಆಗುತ್ತೀ. ಶಿವರಾಜ ನಗುತ್ತ ಬುತ್ತಿ ಚೀಲ ಕೆಳಗಿಟ್ಟಾಗಲೇ ನನಗೆ ತಿಳಿಯಿತು. ಪೇಡೆ ಕಳಿಸಿದ್ದೇನೆ, ಹಂಚು. ಬಡ್ತಿ ಬಂದರೂ ಊರಿನ ತೀರ್ಮಾನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ತಿಳಿದುಕೋ.

ಹೊಳೆ ಏರುತ್ತಿದೆ. ಮೇಲೆ ಮಹಾರಾಷ್ಟ್ರದಲ್ಲಿ ಮಳೆ ನಿಂತಿಲ್ಲವಂತೆ. ದನಗಳನ್ನು ಎತ್ತರದ ಜಾಗಕ್ಕೆ ಸಾಗಿಸಬೇಕು. ನಿನ್ನ ಭಾವ ನಾಮದೇವ ಒಬ್ಬನೇ ಬಡಿದಾಡುತ್ತಿದ್ದಾನೆ.

ಗಿರಿಜವ್ವ


ಚಿಕ್ಕೋಡಿ
18 ಆಗಸ್ಟ್ 2024

ಅತ್ತೆಯವರಿಗೆ ನಮಸ್ಕಾರ.

ಬರೆಯಲು ತಡವಾಯಿತು. ಹೊಳೆ ಬಂದ ವಾರ ನನಗೆ ಜ್ವರ ಬಂದಿತ್ತು, ಶಾಲೆಗೆ ಎರಡು ವಾರ ರಜೆ ಹಾಕಿದೆ. ಈಗ ಆರಾಮ ಇದ್ದೇನೆ, ದಿನಾ ಶಾಲೆಗೆ ಹೋಗುತ್ತಿದ್ದೇನೆ. ಸೇತುವೆ ಮುಳುಗಿ ನಿಮ್ಮ ಮಗ ಆರು ದಿನ ಆಚೆಯೇ ಉಳಿದರಲ್ಲ, ಅಷ್ಟು ದಿನ ಅವರಿಗೆ ಬಿಸಿ ರೊಟ್ಟಿ ಸಿಕ್ಕಿತು ಎಂದು ಸಮಾಧಾನ. ದನ ಕರು ಎಲ್ಲ ಉಳಿದವು ಎಂದು ಕೇಳಿ ಸಂತೋಷವಾಯಿತು.

ಶ್ರಾವಣದಲ್ಲಿ ಬರುತ್ತೇನೆ ಅಂದಿದ್ದೆ, ಆಗಲಿಲ್ಲ. ಆ ಸುದ್ದಿ ಏನಿಲ್ಲ. ಬಡ್ತಿ ಮುಂದೆ ಹೋಯಿತು. ಅದನ್ನು ಮತ್ತೆ ಕೇಳಬೇಡಿ.

ಊರು ಚೆನ್ನಾಗಿದೆ.

ಕೋಮಲ


ಜುಗೂಳ
4 ಸೆಪ್ಟೆಂಬರ್ 2024

ಕೋಮಲಳಿಗೆ,

ನಿನ್ನೆ ಮಂಗಳವಾರ ನಾನು ಚಿಕ್ಕೋಡಿಗೆ ಬಂದಿದ್ದೆ. ನಿನಗೆ ಹೇಳಲಿಲ್ಲ, ಚೌಕಶಿಗೆ ಹೋಗುವವರು ಹೇಳಿ ಹೋಗುವುದಿಲ್ಲ. ಜೊತೆಗೆ ಮಗ್ಗುಲ ಮನೆಯ ಗಂಗೂಬಾಯಿ ಇದ್ದಳು. ನಿನ್ನ ಕಾಗದ ಮೊದಲು ತುಂಬಿಕೊಂಡು ಬರುತ್ತಿತ್ತು, ಈಗ ಅಂಗಡಿಯ ಚೀಟಿಯಷ್ಟು ಬರುತ್ತಿದೆ. ಊರು ಚೆನ್ನಾಗಿದೆ ಎಂದು ಎರಡೇ ಶಬ್ದ ಬರೆದದ್ದು ನೋಡಿದಾಗ ನನಗೆ ಗುಮಾನಿ ಬಂತು.

ಹನ್ನೊಂದು ಗಂಟೆಗೆ ನಿಮ್ಮ ಕಾಲನಿ ಹೊಕ್ಕೆವು. ಏನು ಹೇಳಲಿ! ಹನ್ನೆರಡು ಮನೆಯಲ್ಲಿ ಒಂಬತ್ತಕ್ಕೆ ಬೀಗ. ಒಂದು ನಾಯಿಯೂ ಬೊಗಳಲಿಲ್ಲ. ಉಳಿದ ಮೂರು ಬಾಗಿಲು ಬಡಿದೆ. ಮೊದಲನೆಯದರಲ್ಲಿ ಒಬ್ಬ ಮುದುಕ ಕಿಟಕಿಯಿಂದಲೇ, "ಮನ್ಯಾಗ ಯಾರೂ ಇಲ್ಲರಿ" ಅಂದ. ಅವನು ಯಾರು ಮತ್ತೆ? ಎರಡನೆಯದರಲ್ಲಿ ಒಬ್ಬಾಕೆ ನೀರು ಕೊಟ್ಟಳು. "ಇಲ್ಲೆ ಜುಗೂಳದ ಟೀಚರ್ ಒಬ್ಬಾಕಿ ಅದಾಳಂತಲ್ಲ, ಹ್ಯಾಂಗದಾಳ?" ಎಂದು ಕೇಳಿದೆ. "ನಮಗ ಗೊತ್ತಿಲ್ಲರಿ ಯವ್ವಾ" ಅಂದಳು. ಮೂರನೆಯಾಕೆಯೂ ಅದನ್ನೇ ಅಂದಳು. ಮೂರು ತಿಂಗಳಿಂದ ನೀನು ಅವಳ ಎದುರು ಮನೆಯಲ್ಲಿದ್ದೀ! ಗಂಗೂಬಾಯಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. "ನಡೀರಿ ಅಕ್ಕಾ, ಇದು ಹೆಣ್ಣು ಕೊಡೂ ಮನಿ ಅಲ್ಲ" ಅಂದಳು.

ನನ್ನ ಉತ್ತರ ಉಹೂಂ. ಮಾಳಸಿದ್ದನಿಗೆ ತಿಳಿಸಿಬಿಡು. ದಸರೆ ರಜೆಗೆ ಸಾಮಾನು ಕಟ್ಟಿರಿ.

ಗಿರಿಜವ್ವ


ಚಿಕ್ಕೋಡಿ
8 ಸೆಪ್ಟೆಂಬರ್ 2024

ಅತ್ತೆಯವರಿಗೆ,

ನಿನ್ನೆ ಗಣಪತಿ ಹಬ್ಬ. ಕಡುಬು ತಿಂದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ನಿಮ್ಮ ಚೌಕಶಿ ತಪ್ಪು. ಹದಿನೇಳು ಮದುವೆ ಮಾಡಿಸಿದವರಿಗೆ ಇಷ್ಟು ತಿಳಿಯಲಿಲ್ಲವೇ? ಹಳ್ಳಿಯಲ್ಲಿ ಗೊತ್ತಿಲ್ಲ ಅಂದರೆ ಗೊತ್ತಿದ್ದೂ ಹೇಳುವುದಿಲ್ಲ ಅಂತ. ಇಲ್ಲಿ ಗೊತ್ತಿಲ್ಲ ಅಂದರೆ ನಿಜವಾಗಿಯೂ ಗೊತ್ತಿಲ್ಲ. ನಾನು ಹೋಗುವಾಗ ಎದುರು ಮನೆಯಾಕೆ ಎದ್ದಿರುವುದಿಲ್ಲ, ನಾನು ಬಂದು ಕೈಕಾಲು ತೊಳೆಯುವಾಗ ಅವಳು ಟೀವಿ ಮುಂದೆ ಇರುತ್ತಾಳೆ. ಅವಳಿಗೆ ನನ್ನ ಗುಣ ಗೊತ್ತಾಗುವುದಾದರೂ ಹೇಗೆ? ನೀವು ಓಣಿ ಇಲ್ಲದ ಕಡೆ ಓಣಿ ಹುಡುಕಿದಿರಿ.

ನಮ್ಮ ಓಣಿ ಎಲ್ಲಿದೆ ಎಂದು ನಾನು ಜುಲೈಯಲ್ಲೇ ಬರೆದಿದ್ದೆ, ನೀವು ಓದಿಕೊಳ್ಳಲಿಲ್ಲ. ಆರೂ ಐವತ್ತರ ಬಸ್ಸು. ಅದರಲ್ಲಿ ಯಾರ ಮಗನಿಗೆ ಎಷ್ಟು ಮಾರ್ಕ್ಸ್ ಬಂತು, ಯಾರ ಮನೆಯಲ್ಲಿ ಬೇಳೆ ಹೊತ್ತಿತು, ಎಲ್ಲ ಗೊತ್ತು. ಅಲ್ಲಿ ಹೋಗಿ ಕೇಳಿ. ಈ ತಿಂಗಳು ಹದಿನೆಂಟು, ಹತ್ತೊಂಬತ್ತು ನನಗೆ ಬೆಳಗಾವಿಯಲ್ಲಿ ತರಬೇತಿ ಇದೆ, ಬಸ್ಸಿನಲ್ಲಿ ಇರುವುದಿಲ್ಲ. ಬುಧವಾರ ಸಂಜೆ ನಿಮ್ಮ ಮಗನ ಹಿಂದೆ ಕುಳಿತು ಬನ್ನಿ, ನಮ್ಮ ಮನೆಯಲ್ಲೇ ಮಲಗಿ, ಗುರುವಾರ ಬಸ್ ಹತ್ತಿ. ನೀವು ಯಾರೆಂದು ಹೇಳಬೇಡಿ. ನಿಮಗೆ ಹೇಗೆ ಬೇಕೋ ಹಾಗೆ ಚೌಕಶಿ ಮಾಡಿ. ಆಮೇಲೂ ಉಹೂಂ ಅಂದರೆ ನಾನು ತುಟಿ ಪಿಟಕ್ಕೆನ್ನದೆ ಸಾಮಾನು ಕಟ್ಟುತ್ತೇನೆ.

ಕೋಮಲ


ಜುಗೂಳ
20 ಸೆಪ್ಟೆಂಬರ್ 2024

ಕೋಮಲಾ,

ಹೋದೆ. ಕೇಳಿದೆ. ನೀನು ಹೇಳಿದ ಹಾಗೆಯೇ ಮಾಡಿದೆ.

ತಲೆ ತುಂಬ ಸೆರಗು ಹೊದ್ದು ಬಸ್ ಹತ್ತಿದೆ. ಎಡಗಡೆ ಕಿಟಕಿ ಪಕ್ಕ ಒಂದು ಸೀಟು ಖಾಲಿ ಇತ್ತು, ಕುಳಿತೆ. ಕಂಡಕ್ಟರ್ ಬಂದ. "ಯವ್ವಾ, ಅದು ನಮ್ಮ ಟೀಚರ್ ಸೀಟ ಐತ್ರಿ. ಇವತ್ತ ಬರಂಗಿಲ್ಲ, ಕುಂದರ್ರಿ, ಕುಂದರ್ರಿ" ಅಂದ.

ಬಸ್ ಊರು ದಾಟಿದ ಮೇಲೆ ನಾನು ಮಾತು ತೆಗೆದೆ. "ನಮ್ಮ ಹುಡಿಗಿಗಿ ಚಿಕ್ಕೋಡ್ಯಾಗ ಒಂದ ವರಾ ಬಂದೈತ್ರಿ. ಊರ ಹ್ಯಾಂಗರಿ? ಹಗಲೆಲ್ಲಾ ಬಾಗಲಾ ಹಾಕಿರತಾವ, ಮಂದಿ ಹೊತ್ತಿಗಿ ಆಗತಾರೋ ಇಲ್ಲೋ?" ಅಷ್ಟು ಸಾಕಾಯಿತು. ಹಿಂದಿನಿಂದ ಮುಂದಿನವರೆಗೆ ಎಲ್ಲರೂ ಒಮ್ಮೆಲೇ ಬಾಯಿ ತೆರೆದರು. ವರ ಯಾರು, ಯಾವ ಆಫೀಸು, ಯಾವ ಬಸ್ಸು ಎಂದು ನನ್ನನ್ನೇ ಚೌಕಶಿ ಮಾಡತೊಡಗಿದರು. ಸುಳ್ಳು ಹೇಳಿ ಹೇಳಿ ನನಗೆ ಸಾಕಾಯಿತು.

ಆಗ ಪಕ್ಕದಲ್ಲಿದ್ದ ನರ್ಸ್ ಬಾಯಿ ನನ್ನ ಕೈ ಹಿಡಿದಳು. ಮಲಕವ್ವ ಅಂದರೆ ಅವಳೇ. "ಕಣ್ಣ ಮುಚ್ಚಿ ಹುಡಿಗಿ ಕೊಡ್ರಿ ಯವ್ವಾ. ಒಂದ ಮಾತ ಹೇಳತೀನಿ ಕೇಳ್ರಿ. ಈ ಬಸ್ಸಿನ್ಯಾಗ ಒಬ್ಬಾಕಿ ಅದಾಳ, ಹೊಳಿ ಆಚಿಕಡೆಯಾಕಿ. ಮೂರ ತಿಂಗಳ ಬಸರಿ ಇದ್ದಳು. ಹೊಳಿ ಬಂದ ವಾರ, ಜಡಿ ಮಳಿ, ಇಲ್ಲೇ ಹೊಟ್ಟಿ ಹಿಡಕೊಂಡ ಬಗ್ಗಿದಳು. ನೋಡತೀನಿ, ಸೀರಿ ತುಂಬ ರಕ್ತ. ಗುರಪ್ಪಣ್ಣ ಡ್ರೈವರ್‌ಗೆ ಒದರಿದಾ. ನಡಕ ಒಂದ ಸ್ಟಾಪಿಗೂ ನಿಲ್ಲಸಲಿಲ್ಲ, ಬಸ್ ಸೀದಾ ದವಾಖಾನಿ ಬಾಗಲಕ್ಕ ಹೋತು. ಐವತ್ತ ಮಂದಿ ಇದ್ದರು, ನನಗ ತಡಾ ಆತು ಅಂತ ಒಬ್ಬರೂ ಅನ್ನಲಿಲ್ಲ."

"ಕೂಸು?" ಎಂದೆ.

"ಕೂಸ ಉಳೀಲಿಲ್ಲರಿ. ಆಕಿ ಉಳದಳು. ಗಂಡ ಹೊಳಿ ಆಚಿ ಸಿಕ್ಕೊಂಡಿದ್ದ. ಅಂವಾ ಬರೂತನಕ ರಾತ್ರಿ ಆಕಿ ಕೂಡ ನಾ ಮಲಗೀನಿ, ದಿನಾ ಒಬ್ಬೊಬ್ಬರ ಮನಿಯಿಂದ ರೊಟ್ಟಿ ಬಂದಾವ. ಎರಡ ವಾರ ಆಕಿ ಬಸ್ಸಿಗಿ ಬರಲಿಲ್ಲ. ಮಂದಿ ನಿಂತ ಹೋದರು, ಆಕಿ ಸೀಟಿನ ಮ್ಯಾಲಿನ ಟವೆಲ್ ಯಾರೂ ತಗೀಲಿಲ್ಲ. ಅತ್ತಿ ಮನ್ಯಾಗ ಗೊತ್ತಾಗಬಾರದಂತ ಆಣಿ ಮಾಡಿಸ್ಯಾಳ, ಅದಕ್ಕ ಹೆಸರ ಹೇಳಂಗಿಲ್ಲ."

ಹೆಸರು ಹೇಳಬೇಕಾಗಿರಲಿಲ್ಲ. ನಾನು ನಿನ್ನ ಸೀಟಿನಲ್ಲೇ ಕುಳಿತಿದ್ದೆ.

ಆ ಅತ್ತೆ ನಾನೇ. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ನಿಪ್ಪಾಣಿಯಲ್ಲಿ ಇಳಿದು ಸ್ಟ್ಯಾಂಡಿನ ಕಟ್ಟೆಯ ಮೇಲೆ ಎರಡು ತಾಸು ಕುಳಿತೆ. ಎಷ್ಟು ಅತ್ತೆನೆಂದು ಬರೆಯುವುದಿಲ್ಲ.

ಜ್ವರ ಎಂದು ಬರೆದೆ. ಬಡ್ತಿ ಮುಂದೆ ಹೋಯಿತು ಎಂದು ಬರೆದೆ. ಆ ಕಾಗದ ಹೊತ್ತು ತಂದ ನನ್ನ ಮಗನೂ ಬಾಯಿ ಬಿಡಲಿಲ್ಲ. ಐವತ್ತು ಮಂದಿ ಹೊರಗಿನವರಿಗೆ ಗೊತ್ತಿದ್ದದ್ದು ನನಗೆ ಯಾಕೆ ಗೊತ್ತಿರಲಿಲ್ಲ? ಊರಿನ ಮಾತು ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡು.

ಗಿರಿಜವ್ವ


ಚಿಕ್ಕೋಡಿ
22 ಸೆಪ್ಟೆಂಬರ್ 2024

ಅತ್ತೆಯವರಿಗೆ ನಮಸ್ಕಾರ.

ನಿಮಗೆ ಹೆದರಿ ಹೇಳಲಿಲ್ಲ. ಅಷ್ಟೇ ಉತ್ತರ.

ಹೇಳಿದ್ದರೆ ನೀವು ಓಡಿ ಬರುತ್ತಿದ್ದಿರಿ, ನನ್ನನ್ನು ತಬ್ಬಿಕೊಂಡು ಅಳುತ್ತಿದ್ದಿರಿ, ಎರಡು ದಿನ ಬಿಟ್ಟು "ಈ ಬಸ್ಸಿಂದ ಹಿಂಗಾತು, ನೌಕರಿ ಬಿಡ" ಅನ್ನುತ್ತಿದ್ದಿರಿ. ಬಸ್ಸಿನಿಂದ ಆದದ್ದಲ್ಲ ಎಂದು ಡಾಕ್ಟರರು ಎರಡು ಸಲ ಹೇಳಿದರು. ನೀವು ಡಾಕ್ಟರರ ಮಾತು ಕೇಳುತ್ತಿದ್ದಿರಾ? ಕೂಸು ಹೋಗಿತ್ತು. ಅದರ ಹಿಂದೆ ನೌಕರಿಯೂ ಹೋದರೆ ನಾನು ಏನು ಹಿಡಿದುಕೊಂಡು ಏಳಬೇಕಿತ್ತು?

ಬಡ್ತಿ ಎಂದು ನೀವೇ ಬರೆದಿರಿ. ನೀವು ಕಳಿಸಿದ ಪೇಡೆಯನ್ನು ಬಸ್ಸಿನಲ್ಲಿ ಹಂಚಿದ್ದೆ, ಅವರೆಲ್ಲ ಕೂಸಿನ ಹೆಸರಲ್ಲಿ ತಿಂದರು. ಆಮೇಲೆ ಬರೆಯಲು ಕುಳಿತಾಗ ನಿಮ್ಮ ಆ ಮಾತು ಕೈಗೆ ಸಿಕ್ಕಿತು, ಅದರ ಹಿಂದೆ ಅಡಗಿಕೊಂಡೆ. ತಪ್ಪು ಮಾಡಿದೆ ಅನ್ನುವುದಿಲ್ಲ. ನಿಮಗೆ ನೋವಾಯಿತು, ಅದು ನನಗೂ ನೋವು.

ನಿಮ್ಮ ಮಗನನ್ನು ಬೈಯಬೇಡಿ. ಬೇಡ ಎಂದವಳು ನಾನು.

ನೀವು ಏನು ತೀರ್ಮಾನ ಮಾಡಿದರೂ ಮಾತಿಗೆ ತಪ್ಪುವುದಿಲ್ಲ.

ಕೋಮಲ


ಜುಗೂಳ
25 ಸೆಪ್ಟೆಂಬರ್ 2024

ಕೋಮಲಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಸಿಟ್ಟು ಬಂತು, ಹೋಯಿತು, ಮತ್ತೆ ಬಂತು. ಕೊನೆಗೆ ಉಳಿದದ್ದನ್ನು ಬರೆಯುತ್ತೇನೆ.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೇನೆ. ಹೊಳೆ ಬಂದ ದಿನ ಮುಂಜಾನೆ ಸೇತುವೆ ಇನ್ನೂ ಮುಳುಗಿರಲಿಲ್ಲ. ಶಿವರಾಜ ಮೋಟರ್‌ಸೈಕಲ್ ಚಾಲೂ ಮಾಡಿ ನಿಂತಿದ್ದ. "ಅವ್ವಾ, ಫೋನ್ ಬಂದೈತಿ, ಕೋಮಲಗ ಆರಾಮಿಲ್ಲ, ನಾ ಹೊಕ್ಕೀನಿ" ಅಂದ. ನಾನು ಹ್ಯಾಂಡಲ್ ಹಿಡಿದೆ. "ನೆಗಡಿ ಜ್ವರಾ ಬಂದಿದ್ರ ಗುಳಿಗಿ ನುಂಗತಾಳ. ಮೊದಲ ಎತ್ತು ಸಾಗಸು" ಅಂದೆ. ಅವನು ನನ್ನ ಮುಖ ನೋಡಿದ, ಹೇಳಲಾರದೆ ಇಳಿದ. ಮಧ್ಯಾಹ್ನಕ್ಕೆ ಸೇತುವೆ ಮೇಲೆ ನೀರು ಬಂತು. ಅವತ್ತು ಅವನನ್ನು ನಿನ್ನ ಬಳಿ ಬರದ ಹಾಗೆ ಮಾಡಿದ್ದು ಹೊಳೆಯಲ್ಲ, ನಾನು. ಜುಗೂಳದಲ್ಲಿ ಕೂಗಿದರೆ ಹನ್ನೊಂದು ಮಂದಿ ಬರುತ್ತಾರೆ ಎಂದು ನಿನಗೆ ಬರೆದವಳು ನಾನೇ. ನೀನು ಕೂಗಿದ್ದು ನನ್ನ ಅಂಗಳದ ತನಕ ಬಂದಿತ್ತು, ನಾನು ಬಾಗಿಲು ತೆರೆಯಲಿಲ್ಲ.

ನೀನು ಬರೆದದ್ದು ಖರೆ. ಹೇಳಿದ್ದರೆ ನೌಕರಿ ಬಿಡಿಸುತ್ತಿದ್ದೆ. ನನ್ನನ್ನು ನಾನು ಬಲ್ಲೆ. ಸುಳ್ಳು ಹೇಳಿದ್ದು ಒಳ್ಳೆಯದಾಯಿತು ಎಂದು ಸೊಸೆಗೆ ಬರೆಯುವ ದಿನ ನನಗೆ ಬರಬಾರದಿತ್ತು, ಬಂತು, ಬರೆಯುತ್ತಿದ್ದೇನೆ.

ನಿಪ್ಪಾಣಿಯಿಂದ ಮರಳುವಾಗ ನಾನು ಚಿಕ್ಕೋಡಿಯಲ್ಲಿ ಇಳಿದು ಮಾಳಸಿದ್ದನ ಮನೆಗೆ ಹೋಗಿದ್ದೆ. ಹೂಂ ಎಂದು ಮಾತು ಕೊಟ್ಟೇ ಊರಿಗೆ ಬಂದೆ. ಆವತ್ತಿನ ಕಾಗದದಲ್ಲಿ ಬರೆಯಲಿಲ್ಲ, ಮೊದಲು ನಿನ್ನ ಉತ್ತರ ಬೇಕಿತ್ತು. ಚಿಕ್ಕೋಡಿ ಒಳ್ಳೆಯ ಊರು. ನಾನು ನೋಡಿದ ಹದಿನೇಳು ಮನೆತನದಲ್ಲೂ ಇಂಥ ನೆರೆ ಕಂಡಿಲ್ಲ. ಗಂಗೂಬಾಯಿಗೂ ಹೇಳಿದ್ದೇನೆ, ನನ್ನ ಚೌಕಶಿ ತಪ್ಪಿತ್ತು ಎಂದು. ಅವಳು ನಂಬಲಿಲ್ಲ.

ಮುಂದೆ ದೇವರು ಮತ್ತೊಂದು ಕೂಸು ಕೊಟ್ಟರೆ ನನಗೆ ಅವತ್ತೇ ಬರಿ. ಜುಗೂಳಕ್ಕೆ ಬಾ ಅನ್ನುವುದಿಲ್ಲ. ಶಾಲೆ ಬಿಡು ಅನ್ನುವುದಿಲ್ಲ. ನಾನೇ ಚಿಕ್ಕೋಡಿಗೆ ಬಂದು ಇರುತ್ತೇನೆ. ದಿನಾ ನಸುಕಿನಲ್ಲಿ ನಿನ್ನ ಜೊತೆ ಸ್ಟ್ಯಾಂಡಿಗೆ ಬಂದು, ನಿನಗಿಂತ ಮೊದಲು ಬಸ್ ಹತ್ತಿ, ನಿನ್ನ ಸೀಟಿನ ಮೇಲೆ ಟವೆಲ್ ಹಾಕುವವಳು ನಾನು.

ನಿನ್ನ ಅತ್ತೆ
ಗಿರಿಜವ್ವ